ಸೋಮವಾರದ ಎರಡು ಕಿಲೋ

ಬಿಸಿಯೂಟ ಕಚೇರಿ, ಅಲಸಂದಿಕೊಪ್ಪ ತಾಲ್ಲೂಕು
ಫೆಬ್ರುವರಿ ೩೦, ೨೧೭೬

ಬಿಸಿಯೂಟ ಅಧಿಕಾರಿಗಳಾದ ಶ್ರೀ ಗುದ್ಲೆಪ್ಪ ಬಾರ್ಕಿ ಅವರಿಗೆ, ನಿಮ್ಮದೇ ಕುರ್ಚಿಯಲ್ಲಿ ನೂರೈವತ್ತು ವರ್ಷ ತಡವಾಗಿ ಕೂತಿರುವ ಮಂದಾರಾ ಕಲಕೋಟಿಯ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳು ಯಾವ ತಿಂಗಳಿಗೂ ಸೇರದ ರಜೆ. ನನ್ನ ಮಾತಿನಲ್ಲಿ ನೀವು ಕೇಳದ ಪದಗಳು ಬಂದರೆ ಕ್ಷಮಿಸಿ, ಆದಷ್ಟು ಬಿಡಿಸಿ ಹೇಳುತ್ತೇನೆ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆಯೆಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಒಂದು ಕಚೇರಿಗೆ ಹತ್ತು ವರ್ಷಕ್ಕೆ ಒಂದೇ ಕಾಗದ ಕಳಿಸಲು ಪರವಾನಗಿ. ನನ್ನ ಹಿಂದಿನವರು ಅದನ್ನು ಹಳೆಯ ಕಡತ ಹುಡುಕಲು ಬಳಸಿದರು. ನಾನು ನಿಮಗೆ ಬರೆಯಲು ಬಳಸುತ್ತಿದ್ದೇನೆ, ಅಷ್ಟು ಖುಷಿಯಾಗಿದೆ.

ಮೊದಲು ನಮ್ಮ ಸಂಗತಿ ಹೇಳುತ್ತೇನೆ. ನಲವತ್ತು ವರ್ಷಗಳಿಂದ ನಮ್ಮ ಶಾಲೆಗಳಲ್ಲಿ ಒಲೆ ಇರಲಿಲ್ಲ. ಮಕ್ಕಳಿಗೆ ತುತ್ತುಬಿಲ್ಲೆ ಕೊಡುತ್ತಿದ್ದೆವು: ಅಂಗೈಯಗಲದ ಒಣ ಬಿಲ್ಲೆ, ಬಿಸಿನೀರು ಹಾಕಿದರೆ ಉಬ್ಬಿ ಊಟವಾಗುತ್ತದೆ. ಅದರಲ್ಲಿ ಎಲ್ಲ ಸತ್ವವೂ ಇದೆ, ರುಚಿ ಮಾತ್ರ ಕೇಳಬೇಡಿ. ಮನೆಗಳಿಗೂ ಬಿಲ್ಲೆಯೇ. ಭಾನುವಾರ ಬಿಲ್ಲೆಯ ಗಾಡಿ ಬರುವುದಿಲ್ಲ, ಶನಿವಾರ ಕೊಟ್ಟದ್ದರಲ್ಲೇ ಎರಡು ದಿನ ಸುಧಾರಿಸಬೇಕು. ನಾನು ಆರು ವರ್ಷ ಅರ್ಜಿ ಹಾಕಿ, ಮೇಲಿನವರ ತಲೆ ತಿಂದು, ಒಂದು ಶಾಲೆಯಲ್ಲಿ ಒಲೆ ಹಚ್ಚಲು ಅಪ್ಪಣೆ ತಂದೆ. ಅಡುಗೆಗೆ ಹುಸೇನಬಿ ಸಿಕ್ಕಳು. ಅಜ್ಜಿಯಿಂದ ಒಗ್ಗರಣೆ ಕಲಿತಿದ್ದ ಗಟ್ಟಿಗಿತ್ತಿ. ಮೊದಲ ದಿನ ಸಾಸಿವೆ ಚಟಪಟಿಸಿದಾಗ ಮಕ್ಕಳು ಏನೋ ಮುರಿಯಿತೆಂದು ತರಗತಿಯಿಂದ ಓಡಿ ಬಂದರು. ವಾಸನೆ ಮೂಗಿಗೆ ಬಡಿದ ಮೇಲೆ ಒಬ್ಬರೂ ಒಳಗೆ ಹೋಗಲಿಲ್ಲ. ಮಾಸ್ತರರೂ ಹೋಗಲಿಲ್ಲ.

ಆದರೆ ಆ ದಿನ ಸೋಮವಾರ. ಹಾಜರಿಗೆ ಸರಿಯಾಗಿ, ಒಬ್ಬರಿಗಿಷ್ಟು ಗ್ರಾಮೆಂದು ಅಕ್ಕಿ ತೂಗಿಸಿದವಳು ನಾನೇ. ಪಂಕ್ತಿಯ ಕೊನೆಯ ಹತ್ತೊಂಬತ್ತು ಮಕ್ಕಳಿಗೆ ಅನ್ನ ಸಾಲಲಿಲ್ಲ. ಅವರು ಬರಿ ಸಾರು ಕುಡಿದು ಎದ್ದರು. ಮೇಲಿನವರು ಇನ್ನೊಂದೇ ಸೋಮವಾರ ಕೊಟ್ಟರು. ಅಂದೂ ಒಂದು ಮಗು ಅರೆಹೊಟ್ಟೆಯಲ್ಲಿ ಎದ್ದರೆ ಒಲೆಗೆ ಬೀಗ ಎಂದರು. ತೂಕ ಸರಿಯಿತ್ತು, ಹಾಜರಿ ಸರಿಯಿತ್ತು, ಎಲ್ಲಿ ತಪ್ಪಿತೆಂದು ತಿಳಿಯದೆ ನಾನು ಹಳೆಯ ದಫ್ತರಕ್ಕೆ ಇಳಿದೆ.

ಅಲ್ಲಿ ಸಿಕ್ಕವು ನಿಮ್ಮ ಕಾಲದ ರುಚಿ ನೋಡುವ ಪುಸ್ತಕಗಳು. ಬಡಿಸುವ ಮೊದಲು ಅಡುಗೆಯವರೂ ಒಬ್ಬ ಶಿಕ್ಷಕರೂ ಉಂಡು ನೋಡಿ ಬರೆಯಬೇಕಿತ್ತಲ್ಲ, ಅವು. ನಿಮಗೆ ಗೊತ್ತೇ ಇರುತ್ತದೆ, ಎಲ್ಲ ಶಾಲೆಯಲ್ಲೂ ಎಲ್ಲ ದಿನವೂ ಒಂದೇ ಮಾತು: ರುಚಿಯಾಗಿದೆ. ಜೂನ್ ತಿಂಗಳಲ್ಲೇ ಮಾರ್ಚಿನವರೆಗೆ ರುಚಿಯಾಗಿದೆಯೆಂದು ಬರೆದಿಟ್ಟ ಪುಣ್ಯಾತ್ಮರೂ ಇದ್ದಾರೆ. ಒಂದು ಪುಸ್ತಕ ಮಾತ್ರ ಬೇರೆ. ಕೆರೆದಂಡೆ ಶಾಲೆಯ ಮುಖ್ಯ ಅಡುಗೆಯವರಾದ ಫಕ್ಕೀರವ್ವನವರದು. ಇಂದು ಉಪ್ಪು ಮುಂದಾಯಿತು, ಇಂದು ಬೇಳೆ ಬೇಯಲಿಲ್ಲ, ಇಂದು ಸಣ್ಣವರು ನುಗ್ಗೆಸೊಪ್ಪು ಆರಿಸಿಟ್ಟರು ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದಾರೆ. ನಾನು ಅದನ್ನು ಕೆಳಗಿಡದೆ ಓದಿದೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಸೋಮವಾರ ಹಾಜರಿಗಿಂತ ಎರಡು ಕಿಲೋ ಅಕ್ಕಿ ಹೆಚ್ಚು ಏಕೆ ಎಂದು ನೀವು ಆಕೆಗೆ ನೋಟಿಸು ಕೊಟ್ಟಿದ್ದೀರಿ. ಉತ್ತರ ಬರಲಿಲ್ಲವೆಂದು ಸಿಟ್ಟಾಗಿದ್ದೀರಿ. ಸ್ವಾಮಿ, ಉತ್ತರ ಬಂದಿದೆ. ಕಚೇರಿಗೆ ಕಳಿಸಬೇಕೆಂದು ಆಕೆಗೆ ಯಾರೂ ಹೇಳಲಿಲ್ಲ. ಸಾಹೇಬರು ತಪಾಸಣೆಗೆ ಬಂದಾಗ ಈ ಪುಸ್ತಕವನ್ನೇ ತಾನೇ ನೋಡುವುದೆಂದು ರುಚಿಯ ಪುಟದಲ್ಲೇ ಬರೆದಿದ್ದಾರೆ. ನೀವು ಪುಟ ತೆರೆಯದೆ ಕೊನೆಯಲ್ಲಿ ಸಹಿ ಹಾಕಿ ಹೋಗಿದ್ದೀರಿ. ನಾನೂ ಹಾಗೆ ಎಷ್ಟೋ ಸಲ ಮಾಡಿದ್ದೇನೆ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ. ಆಕೆಯ ಮಾತು ಇದು:

"ಸಾಹೇಬ್ರ, ಸ್ವಾಮಾರ ಹುಡುಗ್ರು ಭಾಳ ಉಣ್ತಾವ್ರಿ. ಐತಾರ ಕೆಲವ್ರ ಮನ್ಯಾಗ ಒಲಿ ಹಚ್ಚೂದ ಇಲ್ಲ. ಶನಿವಾರ ಮುಂಜಾನಿ ಸಾಲಿ, ಹಸಿವು ಆಗೂದ್ರಾಗ ಊಟ, ಅನ್ನ ಉಳಿತೈತಿ. ಅದಕ್ಕ ಶನಿವಾರ ಎರಡು ಕಿಲೋ ಕಡಿಮಿ ಹಾಕಿ, ಅದನ್ನ ಸ್ವಾಮಾರ ಹಾಕ್ತೀನ್ರಿ. ವಾರದ್ದು ಕೂಡಿಸಿ ನೋಡ್ರಿ, ಒಂದು ಕಾಳೂ ಹೆಚ್ಚು ಹೋಗಿಲ್ಲ."

ಅಕ್ಕಿಯ ಲೆಕ್ಕದ ಪುಸ್ತಕ ತೆಗೆದು ಕೂಡಿಸಿ ನೋಡಿದೆ. ಆಕೆ ಅಡುಗೆ ಮಾಡಿದ ನಾಲ್ಕು ತಿಂಗಳದ್ದೂ ಕೂಡಿಸಿದೆ. ಒಂದು ಕಾಳೂ ಹೆಚ್ಚು ಹೋಗಿಲ್ಲ. ನೀವು ಸೋಮವಾರದ ಸಾಲನ್ನಷ್ಟೇ ನೋಡಿದ್ದೀರಿ, ಶನಿವಾರದ್ದನ್ನು ನೋಡಲಿಲ್ಲ. ನನಗಂತೂ ಒಂದೇ ಸಲಕ್ಕೆ ಎರಡೂ ಕಾಲದ ಸೋಮವಾರ ಕಣ್ಣಿಗೆ ಬಿತ್ತು. ತಿಂಗಳುಗಳನ್ನೇ ಬದಲಾಯಿಸಿದ ನಾವು ಭಾನುವಾರದ ಹಸಿವನ್ನು ಹಾಗೇ ಬಿಟ್ಟಿದ್ದೆವು. ನಾವೂ ಶನಿವಾರ ಎರಡು ಕಿಲೋ ಉಳಿಸಿದೆವು. ಮೊನ್ನೆ ಸೋಮವಾರ ಹುಸೇನಬಿ ಅದನ್ನು ಎಸರಿಗೆ ಸುರಿದಳು. ಇನ್ನೂರ ಹದಿನಾಲ್ಕು ಮಕ್ಕಳು ಉಂಡರು, ಕೆಲವರು ಮೂರು ಸಲ ಹಾಕಿಸಿಕೊಂಡರು, ಯಾರೂ ಹಸಿದು ಏಳಲಿಲ್ಲ. ಒಲೆ ಉಳಿಯಿತು. ಮುಂದಿನ ವರ್ಷ ಹನ್ನೊಂದು ಶಾಲೆಗಳಿಗೆ ಒಲೆ ಬರುತ್ತದೆ. ನಾನು ಕಚೇರಿಯ ಬಾಗಿಲು ಹಾಕಿಕೊಂಡು ಅತ್ತೆ, ಆಮೇಲೆ ನಕ್ಕೆ.

ಆದರೆ ಪುಸ್ತಕದಲ್ಲಿ ಫಕ್ಕೀರವ್ವನವರ ಬರಹ ನಾಲ್ಕು ತಿಂಗಳಿಗೇ ನಿಂತಿದೆ. ಕೊನೆಗೆ ನಿಮ್ಮ ಆದೇಶದ ಪ್ರತಿ ಅಂಟಿಸಿದೆ: ಉತ್ತರ ನೀಡದ ಕಾರಣ ಫಕ್ಕೀರವ್ವ ಇವರನ್ನು ಕೆಲಸದಿಂದ ಬಿಡಿಸಲಾಗಿದೆ. ಮುಂದಿನ ಪುಟದಿಂದ ಬೇರೆ ಕೈಬರಹ, ವರ್ಷಪೂರ್ತಿ ರುಚಿಯಾಗಿದೆ. ನೀವು ಈ ಕಾಗದ ಓದುವಾಗ ಆ ಆದೇಶ ಇನ್ನೂ ಸಹಿಯಿಲ್ಲದೆ ನಿಮ್ಮ ಮೇಜಿನ ಮೇಲಿರುತ್ತದೆ, ಬರುವ ಮಂಗಳವಾರ ಸಹಿಯಾಗುತ್ತದೆ. ನಡುವೆ ಒಂದು ಸೋಮವಾರವಿದೆ, ಅದಕ್ಕೆ ಮೊದಲೇ ಕಾಗದ ತಲುಪಿಸಬೇಕೆಂದು ಹಿಂದಂಚೆಯವರನ್ನು ಕಾಡಿ ಬೇಡಿ ಅದನ್ನು ಉಳಿಸಿಕೊಂಡಿದ್ದೇನೆ.

ಆ ದಿನ ಯಾರಿಗೂ ತಿಳಿಸದೆ ಕೆರೆದಂಡೆ ಶಾಲೆಗೆ ಹೋಗಿ. ಪುಸ್ತಕ ಆಮೇಲೆ ತೆರೆಯಿರಿ. ಮೊದಲು ತಟ್ಟೆ ಹಿಡಿದು ಎಲ್ಲ ಮಕ್ಕಳ ಹಿಂದೆ, ಪಂಕ್ತಿಯ ಕಟ್ಟಕಡೆಗೆ ಕೂತುಕೊಳ್ಳಿ. ಫಕ್ಕೀರವ್ವ ಬಡಿಸುತ್ತ ನಿಮ್ಮವರೆಗೆ ಬರಲಿ. ಆಗ ನಿಮ್ಮ ತಟ್ಟೆಗೆ ಬೀಳುವ ಅನ್ನ ಇದೆಯಲ್ಲ, ನೀವು ವಿವರಣೆ ಕೇಳಿದ ಅಕ್ಕಿ ಅದೇ.