ಕಲ್ಲವ್ವನ ಬಾಗಿಲು ದಾಟುವಾಗ

ನವೆಂಬರ್ 14, ಮಂಗಳವಾರ. ಶಿರಸಿ.

ಇವತ್ತು ಸುಳ್ಳು ಹೇಳಿದೆ. ಅದೂ ಪ್ರಾರ್ಥನೆಯ ವಿಷಯದಲ್ಲಿ.

ಬನವಾಸಿ ರಸ್ತೆಯಲ್ಲಿ ದಿನಾ ಬೆಳಿಗ್ಗೆ ಎಂಟು ಕಿಲೋಮೀಟರ್ ಓಡುತ್ತೇನೆ. ದಾರಿಯಲ್ಲಿ ಸಿಗುವ ನಮ್ಮ ಚರ್ಚಿನ ಸಭೆಯವರ ಮನೆ ದಾಟುವಾಗೆಲ್ಲ ಅವರ ಹೆಸರು ಹೇಳಿ ಪ್ರಾರ್ಥಿಸುವುದು ನಾನೇ ಹಾಕಿಕೊಂಡ ನೇಮ. ಒಮ್ಮೆ ಜಂಬಕ್ಕೆ ಅದನ್ನು ಭಾನುವಾರದ ಪ್ರಸಂಗದಲ್ಲಿ ಹೇಳಿಬಿಟ್ಟೆ. ಅಂದಿನಿಂದ ಕಲ್ಲವ್ವ ನಾನು ಬರುವ ಹೊತ್ತಿಗೆ ಲಕ್ವಾ ಹೊಡೆದ ಗಂಡನನ್ನು ಎಬ್ಬಿಸಿ, ಬಾಗಿಲಿಗೆ ತಂದು ಕೂರಿಸುತ್ತಾಳೆ.

ಸಂಜೆ ಸಂತೆಯಲ್ಲಿ ಸಿಕ್ಕಳು.

"ಪಾಸ್ಟರ್, ಇವತ್ತ ಭಾಳ ಜೋರ್ ಓಡಿದ್ರಿ. ನಮ್ಮ ಮನಿಯವ್ರ ಹೆಸರು ಹೇಳಿ ಪ್ರಾರ್ಥನಿ ಮಾಡಿದ್ರಿ ಹೌದಿಲ್ರೀ?"

"ಮಾಡಿದೆ ಕಲ್ಲವ್ವ."

ಮಾಡಿರಲಿಲ್ಲ. ಕೈಗಡಿಯಾರ ನೋಡುತ್ತಿದ್ದೆ. ಇವತ್ತಷ್ಟೇ ಅಲ್ಲ, ಮಳೆಗಾಲ ಮುಗಿದಾಗಿನಿಂದ ಒಂದು ಹೆಸರೂ ಬಾಯಿಗೆ ಬಂದಿಲ್ಲ. ದೇವರನ್ನು ಕರೆದರೆ ಆ ಕಡೆ ಯಾರೂ ಇಲ್ಲ ಅನ್ನಿಸುತ್ತದೆ. ಓಟ ಮಾತ್ರ ಒಂದು ದಿನವೂ ತಪ್ಪಿಲ್ಲ. ಏನು ಶಿಸ್ತು ಅಂತ ಎಲ್ಲರೂ ಹೊಗಳುತ್ತಾರೆ.

ನಾಳೆ ಓಡುವುದೇ ಬೇಡ ಅಂದುಕೊಂಡೆ. ಆದರೆ ಅವಳು ಐದೂವರೆಗೇ ಗಂಡನ ಮುಖ ತೊಳೆಸಿ, ಸ್ವೆಟರ್ ಹಾಕಿ ಕೂರಿಸಿರುತ್ತಾಳೆ. ಅವನು ಆಡುವ ಒಂದೇ ಕೈಯನ್ನು ನನ್ನತ್ತ ಎತ್ತುತ್ತಾನೆ. ಓಡುತ್ತಲೇ ನಾನೂ ಎತ್ತುತ್ತೇನೆ, ಗಡಿಯಾರ ಕಟ್ಟಿದ ಕೈಯನ್ನು. ಪಾಪ, ಆಶೀರ್ವಾದ ಅಂತ ತಿಳಿದು ತಲೆ ಬಾಗಿಸುತ್ತಾನೆ.