ಅತ್ತೆ ಊರಿಗೆ ಒಂದೂಕಾಲು ಗಂಟೆ

ಪುಟ್ಟಿ,

ಬೆಳಗಿನ ಪಾಳಿ ಇದೆ, ನೀನು ಏಳುವಷ್ಟರಲ್ಲಿ ಹೊರಟಿರುತ್ತೇನೆ. ಟಿಕೆಟ್ಟು ಟಿವಿ ಪಕ್ಕದಲ್ಲಿದೆ. ನೀಲಿ ಅಂಗಿಗೆ ಗುಂಡಿ ಹಾಕಿಟ್ಟಿದ್ದೇನೆ. ಅದನ್ನೇ ಹಾಕ್ಕೊಂಡು ಹೋಗು, ಅತ್ತೆ ಕೊಡಿಸಿದ್ದನ್ನಲ್ಲ.

"ಏಳುನೂರು ಕಿಲೋಮೀಟರು, ವಿಮಾನದಲ್ಲಿ ಬರೀ ಒಂದೂಕಾಲು ಗಂಟೆ ಅಮ್ಮಾ" ಅಂತ ವಾರದಿಂದ ಕುಣೀತಿದ್ದೀಯ. ಎರಡು ಬಸ್ಸು ಹತ್ತಿ ನನ್ನ ಗಾರ್ಮೆಂಟ್ಸ್ ತಲುಪೋಕೂ ಅಷ್ಟೇ ಹೊತ್ತು ಕಣೇ. ಅಲ್ಲಿಗೊಮ್ಮೆ ಬಾ ಅಂದರೆ ಮಾತ್ರ "ಅಷ್ಟು ದೂರಾನಾ?" ಅಂತ ಮುಖ ಸಿಂಡರಿಸ್ತೀಯ.

ಹೊಟ್ಟೆ ಉರಿಯುತ್ತೆ, ಸುಳ್ಳು ಯಾಕೆ ಹೇಳಲಿ.

ಕಿಟಕಿ ಪಕ್ಕದ ಸೀಟು ಕೇಳು. ಇಳಿದ ತಕ್ಷಣ ನನಗೆ ಫೋನ್ ಮಾಡು, ಆಮೇಲೆ ಅತ್ತೆಯನ್ನು ತಬ್ಬಿಕೋ. "ಕಾಲೇಜಿಗೆ ಇಲ್ಲೇ ಸೇರಿಬಿಡು" ಅಂತ ಅವಳು ಮತ್ತೆ ಶುರು ಮಾಡಿದರೆ, ವಾಪಸ್ಸಿಗೂ ಒಂದೂಕಾಲೇ ಗಂಟೆ ಅಂತ ಹೇಳು.

ಅಮ್ಮ