ಗುಬ್ಬಿಯ ಗಲ್ಲಿಯ ಕೆಂಪು

ಜನವರಿ 9, ಸಂಜೆ

…ಹಾಂ, ಕ್ಷಮಿಸಪ್ಪ ಫೋನೇ, ಮತ್ತೆ ಮೊದಲಿಂದ ಶುರು. ರೆಕಾರ್ಡ್ ಬಟನ್ ಒತ್ತದೇ ಅರ್ಧ ಪುರಾಣ ಹೇಳಿ ಮುಗಿಸಿದ್ದೆ. ವಿಷಯ ಇಷ್ಟು — ನಾನು ವಿಜ್ಞಾನ ಕಲಿಸುವ ಒಂಬತ್ತನೇ ಕ್ಲಾಸಿನ ಮಕ್ಕಳು ಧೂಳು ಅಳೆಯುವ ಸೆನ್ಸರ್ ಹಿಡಿದು ಊರೆಲ್ಲ ಸುತ್ತಿದರು. ಅವರು ತಂದ ಅಂಕಿಗಳನ್ನೆಲ್ಲ ಇವತ್ತು ಆನ್‌ಲೈನ್ ಮ್ಯಾಪಿಗೆ ಏರಿಸಿದೆ. ಪುಕ್ಕಟೆ ಸಿಗುವಂಥದ್ದು. ಹೀಟ್‌ಮ್ಯಾಪ್ ಅಂತ ಒಂದು ಆಯ್ಕೆ, ಹೆಚ್ಚಿದ್ದಲ್ಲಿ ಕೆಂಪು, ಕಡಿಮೆ ಇದ್ದಲ್ಲಿ ಹಳದಿ ಬಳಿಯುವಂಥದ್ದು. ಒತ್ತಿದ ಕೂಡಲೇ ಗುಬ್ಬಿ ಇರುವ ಗಲ್ಲಿ ಕೆಂಡದ ಹಾಗೆ ಕೆಂಪಾಯಿತು. ಗುಬ್ಬಿ ಅಂದರೆ ಮುಂದಿನ ಬೆಂಚಿನ ಹುಡುಗಿ, ಕೂತಲ್ಲಿ ಕೂರುವವಳಲ್ಲ. ಪೋಷಕರ ಗ್ರೂಪಿಗೆ ಮ್ಯಾಪು ಕಳಿಸಿದೆ. ಭೇಷ್ ಭೇಷ್ ಅಂದರು. ಐವತ್ತಾದರೂ ಹೊಗಳಿಕೆಗೆ ಉಬ್ಬುವ ಚಾಳಿ ಹೋಗಿಲ್ಲ.

ಜನವರಿ 13

ಗುಬ್ಬಿ ಇವತ್ತು ಕೂತಲ್ಲಿಂದ ಏಳಲೇ ಇಲ್ಲ. ಕರೆದು ಕೇಳಿದೆ. ಅವಳ ಅಮ್ಮ ಮನೆಯಲ್ಲೇ ಪುಟ್ಟ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಮನೆ ನಡೆಯುವುದೇ ಅದರಿಂದ. ಗ್ರೂಪಲ್ಲಿ ಮ್ಯಾಪು ನೋಡಿದವರು ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸುತ್ತಿದ್ದಾರಂತೆ. ಆ ಧೂಳಲ್ಲಿ ಕೂಸನ್ನು ಹೇಗೆ ಬಿಡೋದು ಅಂತ.

"ಅಮ್ಮ ನಂಗೇನೂ ಬೈಲಿಲ್ಲ ಸರ್," ಅಂದಳು. "ಬೈದಿದ್ರೆ ಚೆನ್ನಾಗಿತ್ತು."

ವಿಜ್ಞಾನ ಯಾರ ಮುಲಾಜೂ ನೋಡುವುದಿಲ್ಲ ಅಂತೇನೋ ಭಾಷಣ ಬಿಗಿದೆ. ಛೆ.

ಜನವರಿ 14, ಊಟದ ನಂತರ

ಅಕ್ಕ ಮ್ಯಾಪು ನೋಡಿದಳು. ಇದೊಂದೇ ಗಲ್ಲಿ ಯಾಕಿಷ್ಟು ಕೆಂಪು ಅಂದಳು. ಬೇರೆ ಮಕ್ಕಳು ಯಾವಾಗಲೋ ಒಮ್ಮೆ ಅಳೆದರು, ಗುಬ್ಬಿ ಮಾತ್ರ ಹಾಲು ತರುವಾಗ, ಬಟ್ಟೆ ಒಣಹಾಕುವಾಗ, ಹೋದಲ್ಲಿ ಬಂದಲ್ಲಿ ಅಳೆದಳು ಅಂತ ಹೊಗಳತೊಡಗಿದೆ. ಹೊಗಳುತ್ತಲೇ ಹೊಳೆಯಿತು. ಧೂಳಿನ ಅಂಕಿ ನೋಡು ಅಂತ ನಾವು ಹೇಳದಿದ್ದರೆ ಹೀಟ್‌ಮ್ಯಾಪು ಬರೀ ಚುಕ್ಕೆ ಎಣಿಸುತ್ತದೆ. ಎಲ್ಲಿ ಹೆಚ್ಚು ಸಲ ಅಳೆದರೋ ಅಲ್ಲಿ ಕೆಂಪು. ನಾನು ಹೇಳೇ ಇರಲಿಲ್ಲ.

"ಅಂದ್ರೆ ನೀನು ಧೂಳು ತೋರಿಸಿಲ್ಲ ಕಣೋ," ಅಂದಳು ಅಕ್ಕ. "ಆ ಹುಡುಗಿ ಓಡಾಟ ತೋರಿಸಿದ್ದೀಯ."

ಜಾಗಕ್ಕೊಂದು ಸರಾಸರಿ ತೆಗೆದು ಹೊಸದಾಗಿ ಬಣ್ಣ ಕೊಟ್ಟೆ. ಗುಬ್ಬಿಯ ಗಲ್ಲಿ ತಿಳಿ ಹಳದಿ. ಕಡುಗೆಂಪು ನಮ್ಮ ಶಾಲೆಯ ಗೇಟು — ಮಕ್ಕಳನ್ನು ಕರೆದೊಯ್ಯಲು ಬಂದ ಕಾರುಗಳು ಇಂಜಿನ್ ಆರಿಸದೆ ನಿಲ್ಲುವ ಜಾಗ.

ಜನವರಿ 15

ಪ್ರಿನ್ಸಿಪಾಲರಿಗೆ ತೋರಿಸಿದೆ. ಹಳೆಯದನ್ನು ಸುಮ್ಮನೆ ಅಳಿಸಿಬಿಡಿ, ಹೊಸದು ಅಡ್ಮಿಷನ್ ಮುಗಿಯುವ ತನಕ ಬೇಡ ಅಂದರು. ಕೆಟ್ಟವರಲ್ಲ. ಟೀ ತರಿಸಿ ಹೇಳಿದರು. ಹೂಂ ಅಂದು ಬಂದೆ…

ಜನವರಿ 19, ಸಂಜೆ

ಗುಬ್ಬಿಯ ಮನೆಗೆ ಹೋಗಿದ್ದೆ. ಪುಟ್ಟ ಪುಟ್ಟ ಹಾಸಿಗೆಗಳನ್ನು ಸುತ್ತಿ ಗೋಡೆಗೆ ಒರಗಿಸಿದ್ದರು. ಒಂದೇ ಒಂದು ಕೂಸು, ನೆಲಕ್ಕೆ ಚಮಚ ಬಡಿಯುತ್ತಾ ಕೂತಿತ್ತು. ಲ್ಯಾಪ್‌ಟಾಪ್ ತೆರೆದು ನನ್ನ ತಪ್ಪನ್ನು ಬಿಡಿಸಿ ಹೇಳಿದೆ. ಗುಬ್ಬಿಯ ಅಮ್ಮ ಕೊನೆತನಕ ಕೇಳಿದರು.

"ನಂಗೆ ತೋರಿಸಿ ಏನು ಬಂತು ಸರ್? ಬಿಟ್ಟು ಹೋದೋರಿಗೆ ತೋರಿಸಿ."

ಹೊರಗೆ ಬಂದೆ. ಅವರ ಮೆಟ್ಟಿಲ ಮೇಲೆಯೇ ಕೂತು ಗ್ರೂಪಿಗೆ ಹಾಕಿದೆ. ಹೊಸ ಮ್ಯಾಪು, ಶಾಲೆಯ ಗೇಟಿನ ಸಮೇತ. ಕೆಳಗೆ — ಗುಬ್ಬಿ ಅಳೆದದ್ದೆಲ್ಲ ಸರಿ, ಬಣ್ಣ ಬಳಿದದ್ದು ನಾನು, ತಪ್ಪು ನನ್ನದು. ಒಬ್ಬೊಬ್ಬರಾಗಿ ಓದುತ್ತಿದ್ದಾರೆ. ನಾಳೆ ಶಾಲೆಯಲ್ಲಿ ಏನು ಕಾದಿದೆಯೋ, ಆದರೂ ಒಳಗೆ ಏನೋ ಹಗುರ… ಇರಪ್ಪ, ಪ್ರಿನ್ಸಿಪಾಲರ ಫೋನು. ಇಡ್ತೀನಿ —